ಚೌಡಿಕೆಯ ಸುತ್ತ ಕೂಡಿದ ಮೇಳ

ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಗುಡಿಯ ಮೈಕು, ಕಾಯಿ-ಕರ್ಪೂರದ ಅಂಗಡಿಯವರ ಕೂಗು, ಬಸ್ಸಿನ ಹಾರ್ನು ಒಂದರ ಮೇಲೊಂದು ಬಿದ್ದು ಯಾವುದೂ ಸರಿಯಾಗಿ ಕೇಳದಂತಾಗಿರುತ್ತದೆ. ಅಷ್ಟರ ನಡುವೆಯೂ ಎಲ್ಲೋ ಒಂದು ಗಿಡದ ಬುಡದಲ್ಲಿ ಚೌಡಿಕೆ ಮಿಡಿದರೆ ಹೋಗುವವರು ಒಂದು ಗಳಿಗೆ ನಿಂತು ನೋಡುತ್ತಾರೆ.

ನೋಡಲು ಅದೇನೂ ದೊಡ್ಡ ವಾದ್ಯವಲ್ಲ. ಕೊಳಗದ ಆಕಾರದ, ಒಳಗೆ ಪೊಳ್ಳು ಮಾಡಿದ ಮರದ ತುಂಡು. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಚರ್ಮದ ನಟ್ಟನಡುವಿನಿಂದ ಹೊರಟ ಒಂದೇ ಒಂದು ಎಳೆ ಹೊರಗೆ ಬಂದು ಸಣ್ಣ ಹಿಡಿಕೆಗೆ ಕಟ್ಟಿಕೊಂಡಿರುತ್ತದೆ. ಕೊಳಗವನ್ನು ಕಂಕುಳಲ್ಲಿ ಅವುಚಿ, ಒಂದು ಕೈಯಿಂದ ಹಿಡಿಕೆಯನ್ನು ಎಳೆಯುತ್ತ ಸಡಿಲಿಸುತ್ತ, ಇನ್ನೊಂದು ಕೈಯ ಕಡ್ಡಿಯಿಂದ ಎಳೆಯನ್ನು ಮೀಟುತ್ತಾರೆ. ಬಿಗಿ ಎಳೆದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ರಾಗದ ಕೆಲಸವನ್ನೂ ತಾಳದ ಕೆಲಸವನ್ನೂ ಆ ಒಂದೇ ಎಳೆ ಮಾಡಬೇಕು. ಒಬ್ಬಳೇ ಹೆಂಗಸು ಹೆಗಲಿಗೇರಿಸಿಕೊಂಡು ಊರೂರು ತಿರುಗಲೆಂದೇ ಮಾಡಿದಂತಿರುವ ಈ ವಾದ್ಯದ ಸುತ್ತ ಎರಡನೆಯವರು, ಮೂರನೆಯವರು, ಕೊನೆಗೆ ಇಡೀ ಒಂದು ಮೇಳ ಹೇಗೆ ಬಂದು ಕೂಡಿತು ಎಂಬುದು ತುಂಗಭದ್ರೆಯ ಎರಡೂ ದಂಡೆಗೆ ಸೇರಿದ ಕತೆ.

ಹುಲಿಗಿ ಇರುವುದು ಮುನಿರಾಬಾದಿನ ಮಗ್ಗುಲಿಗೆ, ತುಂಗಭದ್ರೆಯ ಎಡದಂಡೆಯಲ್ಲಿ. ಊರಿನ ದೇವತೆ ಹುಲಿಗೆಮ್ಮ. ಸವದತ್ತಿಯ ಎಲ್ಲಮ್ಮನೇ ಇಲ್ಲಿಗೆ ಬಂದು ನೆಲೆಸಿದಳೆಂದು ಸ್ಥಳದ ಐತಿಹ್ಯ ಹೇಳುತ್ತದೆ. ನಾಗಜೋಗಿ, ಬಸವಜೋಗಿ ಎಂಬ ಇಬ್ಬರು ಭಕ್ತರು ಹುಣ್ಣಿಮೆ ಹುಣ್ಣಿಮೆಗೆ ಸವದತ್ತಿಗೆ ನಡೆದುಹೋಗುತ್ತಿದ್ದರಂತೆ, ಅವರ ಕಷ್ಟ ನೋಡಲಾರದೆ ತಾಯಿಯೇ ಇವರ ಊರಿಗೆ ಬಂದಳಂತೆ. ಐತಿಹ್ಯ ಏನೇ ಇರಲಿ, ಅದರೊಳಗೆ ಒಂದು ಹಳೆಯ ದಾರಿಯ ಗುರುತಿದೆ. ಸವದತ್ತಿ, ಹುಲಿಗಿ, ಉಚ್ಚಂಗಿ ಎಂಬ ಮೂರು ಕ್ಷೇತ್ರಗಳನ್ನು ಸುತ್ತುವ ಜೋಗತಿಯರ, ಅಂದರೆ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾದವರ, ದಾರಿ ಅದು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ದಾರಿ ಮೂರು ಸರ್ಕಾರಗಳ ಗಡಿಯನ್ನು ದಾಟುತ್ತಿತ್ತು. ಸವದತ್ತಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೊಳೆಯಾಚೆಯ ಹೊಸಪೇಟೆ, ಬಳ್ಳಾರಿ ಮದ್ರಾಸಿಗೆ ಸೇರಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ನಿಜಾಮನ ಸೀಮೆ. ಒಂದೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ಒಂದೇ ಹಾಡು ಹಾಡುತ್ತ ಮೂರು ರಾಜ್ಯ ತಿರುಗುತ್ತಿದ್ದಳು. 1948ರಲ್ಲಿ ಹೈದರಾಬಾದ್ ವಿಮೋಚನೆಯಾಗಿ, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, 1956ರ ನವೆಂಬರ್ 1ರಂದು ಎಲ್ಲವೂ ಒಂದು ರಾಜ್ಯವಾಗುವ ಹೊತ್ತಿಗೆ ಚೌಡಿಕೆ ಪದಗಳು ಈ ಸೀಮೆಗಳನ್ನು ಆಗಲೇ ಒಂದು ಮಾಡಿಬಿಟ್ಟಿದ್ದವು.

ಜೋಗತಿಯ ಬದುಕು ಶುರುವಾಗುತ್ತಿದ್ದುದು ಒಂಟಿಯಾಗಿಯೇ. ಮಂಗಳವಾರ, ಶುಕ್ರವಾರ ಕೊರಳಲ್ಲಿ ಮುತ್ತು, ಹಣೆ ತುಂಬ ಭಂಡಾರ, ಕೈಯಲ್ಲಿ ಹಡಲಗಿ ಬುಟ್ಟಿ ಹಿಡಿದು ಮನೆ ಮನೆಯ ಮುಂದೆ ನಿಂತು ಜೋಗ ಬೇಡುವುದು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಊರುಗಳಲ್ಲಿ ಹಡಲಗಿಗೆ ಬೀಳುತ್ತಿದ್ದುದು ಜೋಳ, ಸಜ್ಜೆ. ತುಂಗಭದ್ರಾ ಜಲಾಶಯದ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಕಡೆ ಹರಿದು ಆ ತಾಲ್ಲೂಕು ಭತ್ತದ ನಾಡಾಯಿತು. ನಾಟಿಗೂ ಕೊಯ್ಲಿಗೂ ಒಣಸೀಮೆಯ ಕೂಲಿಗಳು ಗಂಗಾವತಿಯ ಕಡೆ ಗುಳೆ ಹೊರಟರು. ಕಾಳಿನ ಜೊತೆಗೆ ರೊಕ್ಕವೂ ಓಡಾಡತೊಡಗಿದ ಆ ಸೀಮೆಗೆ ಹಾಡುವವರೂ ಹೋಗದೆ ಇರುತ್ತಿರಲಿಲ್ಲ.

ಬಾಗಿಲ ಮುಂದೆ ಹಾಡುವ ಪದ ಚಿಕ್ಕದು. ಮನೆಯೊಡತಿ ಮೊರದಲ್ಲಿ ಕಾಳು ತರುವಷ್ಟರಲ್ಲಿ ಮುಗಿಯಬೇಕು. ಆದರೆ ಎಲ್ಲಮ್ಮನ ಕತೆ ಚಿಕ್ಕದಲ್ಲ. ಮರಳಿನಲ್ಲಿ ಕೊಡ ಮಾಡಿ ಹಾವಿನ ಸಿಂಬಿಯ ಮೇಲಿಟ್ಟು ನೀರು ತರುತ್ತಿದ್ದ ರೇಣುಕೆ, ಒಂದು ದಿನ ಮನಸ್ಸು ಕದಲಿ ಕೊಡ ಕಟ್ಟದೆ ಹೋಗುವುದು, ಜಮದಗ್ನಿಯ ಸಿಟ್ಟು, ತಂದೆಯ ಮಾತಿಗೆ ತಾಯಿಯ ತಲೆ ಕಡಿಯುವ ಪರಶುರಾಮ, ಆಮೇಲೆ ಕಾಮಧೇನುವಿಗಾಗಿ ಕಾರ್ತವೀರ್ಯಾರ್ಜುನನ ದಂಡು. ಇದನ್ನೆಲ್ಲ ಹೇಳಲು ಒಂದು ರಾತ್ರಿ ಬೇಕು. ಒಬ್ಬಳ ಗಂಟಲಿಗೆ ಅಷ್ಟು ಕಸುವಿರುವುದಿಲ್ಲ.

ಎರಡನೆಯವರು ಬಂದದ್ದು ಈ ಕಾರಣಕ್ಕೆ. ಮುಂದಾಳು ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಾಗ ಹಿಮ್ಮೇಳದವರು ಅದನ್ನೆತ್ತಿ ಹಾಡಬೇಕು. ಒಬ್ಬರ ಕೈಗೆ ಶ್ರುತಿ ಹಿಡಿಯುವ ತುಂತುಣಿ ಬಂತು, ಮತ್ತೊಬ್ಬರ ಕೈಗೆ ಕಂಚಿನ ತಾಳ. ಪದದ ನಡುವೆ ಕತೆಯನ್ನು ಮಾತಿನಲ್ಲಿ ಬಿಡಿಸುವಾಗ ‘ಹೌದವ್ವಾ’ ಎನ್ನಲು, ಸುಮ್ಮನೆ ಕೂತವರನ್ನು ನಗಿಸಲು, ಅಡ್ಡಪ್ರಶ್ನೆ ಕೇಳಲು ಒಂದು ಬಾಯಿ ಬೇಕಾಯಿತು. ಕೊನೆಗೆ ತಲೆಯ ಮೇಲೆ ಕೊಡ ಹೊತ್ತು ಕುಣಿಯುವವರು ಸೇರಿದರು. ಬೇವಿನ ಸೊಪ್ಪು ಸುತ್ತಿ ದೇವಿಯ ಮುಖ ಕಟ್ಟಿದ ಆ ಕೊಡ ರೇಣುಕೆಯ ಕೊಡವೇ. ಕೈ ಹಿಡಿಯದೆ, ಕುತ್ತಿಗೆಯ ಹದದಲ್ಲೇ ಅದನ್ನು ನಿಲ್ಲಿಸಿಕೊಂಡು ಕೂತು, ಬಾಗಿ, ನೆಲದ ಮೇಲಿಟ್ಟ ನೋಟನ್ನು ಎತ್ತುವ ಚಮತ್ಕಾರ ಬರಬರುತ್ತ ಜೋಗತಿ ಕುಣಿತದ ಗುರುತಾಯಿತು.

ಈ ಸೀಮೆಯಲ್ಲಿ ಇದೊಂದೇ ಹೀಗೆ ಬೆಳೆದದ್ದಲ್ಲ. ಏಕತಾರಿ ಹಿಡಿದು ಒಬ್ಬನೇ ತತ್ವಪದ ಹೇಳುತ್ತಿದ್ದವನ ಸುತ್ತ ದಮ್ಮಡಿ, ತಾಳ, ಹಾರ್ಮೋನಿಯಂ ಸೇರಿ ಊರೂರಲ್ಲಿ ಭಜನಾ ಮೇಳಗಳಾದವು. ಹೊಳೆಯಾಚೆ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ತಂಬೂರಿ ಹಿಡಿದು ಬುರ್ರಕಥೆ ಹಾಡಿದರೆ ಮನೆಯ ಹೆಂಗಸರೇ ಪಕ್ಕದಲ್ಲಿ ನಿಂತು ಚರ್ಮವಾದ್ಯ ನುಡಿಸುತ್ತ ದನಿಗೂಡಿಸುತ್ತಿದ್ದರು. ಓದು-ಬರಹ ಬಾರದ ಆ ತಾಯಿಯ ಬಾಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕಾವ್ಯಗಳನ್ನು ಬರೆದುಕೊಂಡಿತು. 2014ರಲ್ಲಿ ಅವರು ತೀರಿಕೊಂಡರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಶಿಳ್ಳೇಕ್ಯಾತರ ಮನೆಗಳಲ್ಲಿ ತೊಗಲುಗೊಂಬೆ ಆಡಿಸುವುದೂ ಮನೆಮಂದಿಯ ದುಡಿಮೆಯೇ. ಗೊಂಬೆ ಕುಣಿಸುವವರು, ಹಾಡುವವರು, ಬಾರಿಸುವವರು ಎಲ್ಲ ಒಂದೇ ಒಲೆಯವರು. ಆ ಊರಿನ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು.

ಚೌಡಿಕೆ ಮೇಳಕ್ಕೂ ಇವುಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬುರ್ರಕಥೆ, ಗೊಂಬೆಯಾಟಗಳಲ್ಲಿ ಮೇಳ ಅಂದರೆ ಕುಟುಂಬ. ಚೌಡಿಕೆ ಮೇಳದಲ್ಲಿ ಸೇರುವವರು ಕುಟುಂಬದಿಂದ ಹೊರಗೆ ಬಿದ್ದವರು.

ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಕೇರಿಯ ಹೆಣ್ಣುಮಕ್ಕಳು. ಮನೆಯಲ್ಲಿ ಗಂಡು ಸಂತಾನವಿಲ್ಲವೆಂದೋ, ಜಡೆ ಗಂಟುಗಟ್ಟಿತೆಂದೋ, ಹರಕೆ ಹೊತ್ತಿದ್ದರೆಂದೋ ಸಣ್ಣ ವಯಸ್ಸಿನಲ್ಲೇ ದೇವಿಗೆ ಬಿಡುತ್ತಿದ್ದರು. ಆಮೇಲೆ ಮದುವೆಯಿಲ್ಲ, ಊರಿನ ಉಳ್ಳವರ ಕಣ್ಣಿಗೆ ಕಾವಲಿಲ್ಲ. ಹಾಡು ಎಷ್ಟೇ ಇಂಪಾಗಿರಲಿ, ಅದರ ಬೇರು ಈ ಕ್ರೌರ್ಯದಲ್ಲಿದೆ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ಈ ದೇವದಾಸಿ ಪದ್ಧತಿಯನ್ನು ತಡೆಯುವ ಕಾನೂನುಗಳು ಬಂದವು. ಕರ್ನಾಟಕ ತನ್ನದೇ ಕಾಯ್ದೆಯನ್ನು 1982ರಲ್ಲಿ ಮಾಡಿತು, 1984ರಲ್ಲಿ ಅದು ಜಾರಿಯಾಯಿತು. ಆದರೂ 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಿದ ಮಾಜಿ ದೇವದಾಸಿಯರ ಸಂಖ್ಯೆ ಒಟ್ಟು 46,660. ಕೊಪ್ಪಳ ಆ ಪಟ್ಟಿಯಲ್ಲಿದ್ದ ಜಿಲ್ಲೆಗಳಲ್ಲಿ ಒಂದು.

ಹೆಣ್ಣುಮಕ್ಕಳ ಜೊತೆಗೆ ಇನ್ನೊಂದು ಬಳಗವೂ ಹುಲಿಗಿಗೆ ಬರುತ್ತಿತ್ತು. ಗಂಡಾಗಿ ಹುಟ್ಟಿ, ಹೆಣ್ಣಿನ ಮನಸ್ಸಿನಿಂದ ಬೆಳೆದವರು. ‘ಎಲ್ಲಮ್ಮ ಮೈಮೇಲೆ ಬಂದಾಳ’ ಎಂದು ಮನೆಯವರೇ ಕರೆತಂದು, ಗುಡಿಯಲ್ಲಿ ಉಡದಾರ ಹರಿದು, ಸೀರೆ ಕುಪ್ಪಸ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿಸಿ ಬಿಟ್ಟು ಹೋಗುತ್ತಿದ್ದರು. ಇವರನ್ನು ಜೋಗಪ್ಪ ಎನ್ನುವುದುಂಟು, ಜೋಗತಿ ಎನ್ನುವುದೂ ಉಂಟು. ದೇವಿಯ ಹೆಸರು ಇವರಿಗೆ ಊರಿನಲ್ಲಿ ಒಂದು ಜಾಗ ಕೊಟ್ಟಿತು. ಹುಟ್ಟಿದ ಮನೆಯಲ್ಲಿ ಮಾತ್ರ ಜಾಗ ಉಳಿಯಲಿಲ್ಲ.

1975ರಲ್ಲಿ ಹೀಗೆ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡವರು ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿ. ಆ ದಿನದಿಂದ ಮಂಜಮ್ಮ. ಮಗ ಸತ್ತನೆಂಬಂತೆ ಹೆತ್ತವಳು ಅತ್ತದ್ದನ್ನು ಮಂಜಮ್ಮ ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಮನೆ ಬಿಟ್ಟ ಮೇಲೆ ಸೀರೆಯುಟ್ಟು ಭಿಕ್ಷೆ ಬೇಡಿದ್ದಾಯಿತು, ಇಡ್ಲಿ ಮಾರಿದ್ದಾಯಿತು, ಮಕ್ಕಳಿಗೆ ಪಾಠ ಹೇಳಿದ್ದಾಯಿತು. ಆಗಿನ್ನೂ ಅವರ ಬದುಕಿನಲ್ಲಿ ಹಾಡಾಗಲಿ ಕುಣಿತವಾಗಲಿ ಇರಲಿಲ್ಲ.

ಅದು ಸಿಕ್ಕಿದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಸುತ್ತ ನಿಂತ ಪ್ರಯಾಣಿಕರು ಚಿಲ್ಲರೆ ಹಾಕುತ್ತಿದ್ದರು. ಬರೀ ಕೈಯೊಡ್ಡಿ ಬೇಡುವುದಕ್ಕೂ ಕುಣಿದು ಕಾಸು ಪಡೆಯುವುದಕ್ಕೂ ಇರುವ ಅಂತರ ಮಂಜಮ್ಮನಿಗೆ ಅಲ್ಲಿ ಕಂಡಿತು. ಮೊದಲ ಹೆಜ್ಜೆಗಳನ್ನು ಅವರಿಂದಲೇ ಕಲಿತರು. ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳಕ್ಕೆ ಸೇರಿದರು.

ಎಲ್ಲಮ್ಮನ ಕತೆಯನ್ನು ಹಾಡಿನಿಂದ ಆಟಕ್ಕೆ ಬೆಳೆಸಿದ ಜೋಗತಿಯರ ಸಾಲಿನಲ್ಲಿ ಕಾಳವ್ವನ ಹೆಸರು ಮುಂದೆ ಬರುತ್ತದೆ. ಬಾಗಿಲ ಮುಂದಿನ ಪದ ಇಲ್ಲಿ ಅಟ್ಟದ ಮೇಲಿನ ನಾಟಕವಾಯಿತು. ಮೇಳದವರೇ ಜಮದಗ್ನಿ, ಮೇಳದವರೇ ಪರಶುರಾಮ. ಬಣ್ಣ ಬಳಿದುಕೊಳ್ಳುವವರೂ ಅವರೇ, ಗೆಜ್ಜೆ ಪೋಣಿಸುವವರೂ ಅವರೇ, ಮೂಟೆ ಕಟ್ಟಿ ಬಸ್ಸಿನ ಮೇಲೇರಿಸುವವರೂ ಅವರೇ. ಮಾಲೀಕನಿರುವ ನಾಟಕ ಕಂಪನಿಗಳು ಆ ಕಾಲಕ್ಕೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತಿಂಗಳುಗಟ್ಟಲೆ ಡೇರೆ ಹಾಕುತ್ತಿದ್ದವು. ಜೋಗತಿ ಮೇಳಕ್ಕೆ ಡೇರೆಯಿಲ್ಲ, ಟಿಕೇಟಿಲ್ಲ, ಪಗಾರವೂ ಇಲ್ಲ. ಹಿರಿಯ ಜೋಗತಿ ಗುರು, ಕಲಿಯಲು ಬಂದವರು ಮಕ್ಕಳು. ಅಡುಗೆ, ಕಾಯಿಲೆ, ಸಾವು ಎಲ್ಲಕ್ಕೂ ಮೇಳವೇ ದಿಕ್ಕು. ಸಣ್ಣ ಪಾತ್ರಗಳಿಂದ ಶುರುಮಾಡಿದ ಮಂಜಮ್ಮ ಕಾಳವ್ವನ ನಂತರ ಮೇಳವನ್ನು ತಾವೇ ನಡೆಸಿದರು. ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ, ಹುಲಿಗಿಗೆ ದೂರವಲ್ಲದ ಊರಿನಲ್ಲಿ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಅದರಲ್ಲಿದ್ದ ನಾಲ್ಕು ತಾಲ್ಲೂಕುಗಳು. ಒಂದು ವಾದ್ಯದ ಸುತ್ತ ಮೇಳ ಕೂಡುವ ಇಂಥದೇ ಇನ್ನೊಂದು ಕತೆ ಅದೇ ವರ್ಷ ಬಲು ದೂರದಲ್ಲಿ ಶುರುವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಹದಿಹರೆಯದ ಒಬ್ಬರು ಗಿಟಾರು ಹಿಡಿದು ‘ಅಗೇನ್‌ಸ್ಟ್ ಮಿ!’ ಎಂಬ ಹೆಸರಿನಲ್ಲಿ ಒಂಟಿಯಾಗಿ ಹಾಡಲು ಶುರುಮಾಡಿದರು. ಡ್ರಮ್ ಬಾರಿಸಲು ಬಂದ ಗೆಳೆಯನ ಬಳಿ ಡ್ರಮ್ ಇರಲಿಲ್ಲ, ಉಪ್ಪಿನಕಾಯಿಯ ಖಾಲಿ ಬಕೆಟ್ಟುಗಳನ್ನೇ ಬಾರಿಸಿದ. ಮೊದಲ ಕ್ಯಾಸೆಟ್ಟುಗಳನ್ನು ತಾವೇ ಮಾಡಿಕೊಂಡರು. ಬರಬರುತ್ತ ಜನ ಕೂಡಿ ಅದು ಪೂರ್ಣ ವಾದ್ಯವೃಂದವಾಯಿತು, 2002ರಲ್ಲಿ ಮೊದಲ ಆಲ್ಬಂ ಬಂತು. ಜನಪದ ಹಾಡಿನ ಸರಳತೆಗೆ ಪಂಕ್ ಸಂಗೀತದ ಸಿಟ್ಟು ಬೆರೆಸಿದ, ಯಾವ ಕಂಪನಿಯ ಹಂಗೂ ಇಲ್ಲದೆ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳುವ ಈ ಬಗೆಗೆ ಅಲ್ಲಿ ‘ಫೋಕ್ ಪಂಕ್’ ಎಂದು ಹೆಸರು. ತಂಡದ ಹಾಡುಗಾರರು 2012ರಲ್ಲಿ ತಾನು ಹೆಣ್ಣು ಎಂದು ಲೋಕಕ್ಕೆ ಹೇಳಿ ಲಾರಾ ಜೇನ್ ಗ್ರೇಸ್ ಆದರು.

ಎರಡು ಕತೆಗಳ ಹೋಲಿಕೆ ಅಚ್ಚರಿ ಹುಟ್ಟಿಸುವಂಥದ್ದು. ಒಂಟಿ ವಾದ್ಯ, ಬೀದಿ, ಕೈಗೆ ಸಿಕ್ಕಿದ ಸಾಮಾನು, ಮನೆಗೆ ಬದಲಾಗಿ ಮೇಳ, ಹುಟ್ಟಿನ ಗುರುತನ್ನು ಬಿಟ್ಟು ಕಟ್ಟಿಕೊಂಡ ಬೇರೆ ಗುರುತು ಎಲ್ಲವೂ ಎರಡೂ ಕಡೆ ಇವೆ. ಆದರೆ ಫ್ಲಾರಿಡಾದ ಹುಡುಗರು ಮೊದಮೊದಲು ಕಂಪನಿಯನ್ನು ಬೇಡವೆಂದು ಬಿಟ್ಟವರು. ಹುಲಿಗಿಯ ದಾರಿಯಲ್ಲಿ ನಡೆದವರನ್ನು ಬೇಕೆಂದು ಕರೆದ ಕಂಪನಿಯೇ ಇರಲಿಲ್ಲ. ಗ್ರೇಸ್ ಹದಿನೈದು ವರ್ಷ ಹಾಡಿದ ಮೇಲೆ ತನ್ನ ಗುರುತನ್ನು ಬಾಯಿಬಿಟ್ಟು ಹೇಳಿದರು. ಜೋಗತಿಗೆ ಹಾಡು ಬಂದದ್ದೇ ಆ ಗುರುತಿನಿಂದ.

ಇನ್ನೂ ಒಂದು ವ್ಯತ್ಯಾಸ ಹಾಡಿನೊಳಗೇ ಇದೆ. ಪಂಕ್ ಹಾಡುಗಾರರು ತಮ್ಮ ಸಿಟ್ಟನ್ನು ತಮ್ಮದೇ ಮಾತಿನಲ್ಲಿ ಹಾಡುತ್ತಾರೆ. ಚೌಡಿಕೆಯವರು ‘ನಾನು’ ಎನ್ನುವುದು ಕಡಿಮೆ. ಗಂಡನ ಅನುಮಾನಕ್ಕೆ ಗುರಿಯಾಗಿ ಆಶ್ರಮದಿಂದ ಹೊರಬಿದ್ದ ರೇಣುಕೆ, ಹೆತ್ತ ಮಗನ ಕೊಡಲಿಗೆ ಕೊರಳೊಡ್ಡಿದ ತಾಯಿ ಇವರ ಪದದ ತುಂಬ ಇರುತ್ತಾಳೆ. ಹಾಡುವವರೂ ಮನೆಯಿಂದ ಹೊರಬಿದ್ದವರೇ ಎಂಬುದು ಕೂತು ಕೇಳುವವರಿಗೆ ಗೊತ್ತು. ಬೇರೆ ವಿವರಣೆ ಬೇಕಾಗುವುದಿಲ್ಲ.

ಕ್ಯಾಸೆಟ್ಟಿನ ಕಾಲ ಬಂದಾಗ ಜಾತ್ರೆಯ ಅಂಗಡಿಗಳಲ್ಲಿ ಹುಲಿಗೆಮ್ಮನ ಹಾಡುಗಳು ಮಾರಾಟಕ್ಕೆ ಬಂದವು. ಅವುಗಳಲ್ಲಿ ಹೆಚ್ಚಿನವು ಕೀಬೋರ್ಡು, ತಬಲಾ ಹಾಕಿದ ಭಕ್ತಿಗೀತೆಗಳು. ಚೌಡಿಕೆಯ ಉದ್ದನೆಯ ಪದಗಳಿಗೆ ಅಲ್ಲಿ ಜಾಗ ಕಡಿಮೆ. ಇತ್ತ ಸರ್ಕಾರದ ಉತ್ಸವಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳು ಜೋಗತಿ ಮೇಳಕ್ಕೆ ಹೊಸ ಅಂಗಳವಾದವು. ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ ಜೋಗಪ್ಪಗಳ ಜೊತೆ ಒಂದೇ ವೇದಿಕೆಯಲ್ಲಿ ಕೂತು ಹಾಡಿದ್ದು ಸಭಾಗೃಹದ ಕೇಳುಗರಿಗೆ ಈ ಕಂಠಗಳ ಪರಿಚಯ ಮಾಡಿಸಿತು.

ಮಂಜಮ್ಮನಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. 2021ರ ಪದ್ಮಶ್ರೀ ಪಟ್ಟಿಯಲ್ಲಿ ಮಂಜಮ್ಮ ಜೋಗತಿಯ ಹೆಸರಿತ್ತು. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವ ಮುನ್ನ ಅವರು ಸೀರೆಯ ಸೆರಗಿನಿಂದ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದು ನೆಲ ಮುಟ್ಟಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಪತ್ರಿಕೆಗಳಿಗೆ ಅದೊಂದು ಸೋಜಿಗ. ಹುಲಿಗಿ ಸುತ್ತಿನ ಮನೆಗಳಲ್ಲಿ ಜೋಗತಿ ಬಾಗಿಲಿಗೆ ಬಂದರೆ ಕೂಸಿನ ದೃಷ್ಟಿ ತೆಗೆಸುವುದು ದಿನನಿತ್ಯದ ಮಾತು.

ಈ ಗೌರವದ ಜೊತೆಗೇ ಒಂದು ಕಗ್ಗಂಟು ಇದೆ. ಮುತ್ತು ಕಟ್ಟುವುದು ಅಪರಾಧ, ಆಗಬೇಕಾದ್ದೂ ಹಾಗೆಯೇ. ಆದರೆ ಇಷ್ಟು ದಿನ ಚೌಡಿಕೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದು ಮುತ್ತಿನ ನಂಟಿನಿಂದ. ಗುರು ಜೋಗತಿಯಾದರೆ ಕಲಿಯುವವರೂ ಜೋಗತಿಯರೇ. ಹರಕೆಯಿಂದಲ್ಲ, ಹಾಡಿನ ಮೇಲಿನ ಮನಸ್ಸಿನಿಂದ ಬಂದವರಿಗೆ ಕಲಿಸುವ ಪದ್ಧತಿ ಈಗ ಆಗಬೇಕಿದೆ.

ಅದು ಅರ್ಧ ಆಗಿದೆ ಎನ್ನಬೇಕು. ಕಾಲೇಜುಗಳ ಯುವಜನೋತ್ಸವದಲ್ಲಿ ಜೋಗತಿ ನೃತ್ಯ ಈಗ ಸಾಮಾನ್ಯ. ಹುಡುಗ ಹುಡುಗಿಯರು ಹಸಿರು ಸೀರೆಯುಟ್ಟು, ಭಂಡಾರ ಬಳಿದು, ತಲೆಯ ಮೇಲೆ ಕೊಡ ನಿಲ್ಲಿಸಿ ಕೆಲವೇ ನಿಮಿಷದಲ್ಲಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅಂಥ ಎಷ್ಟೋ ಕಡೆ ಹಾಡು ಬರುವುದು ಪೆನ್‌ಡ್ರೈವಿನಿಂದ. ಚೌಡಿಕೆಯವರು, ತುಂತುಣಿಯವರು, ತಾಳದವರು ಎಂಬ ಮೂರು ಜನರ ಬಸ್ ಖರ್ಚು ಸಂಘಟಕರಿಗೆ ಉಳಿಯುತ್ತದೆ. ಒಂದು ವಾದ್ಯದ ಸುತ್ತ ಒಬ್ಬೊಬ್ಬರಾಗಿ ಕೂಡಿದ್ದ ಮೇಳ ಇಲ್ಲಿ ಒಬ್ಬೊಬ್ಬರಾಗಿ ಕರಗುತ್ತಿದೆ, ಅದೂ ಮೊದಲು ಬಂದವರಿಂದಲೇ ಶುರುವಾಗಿ. ಕುಣಿಯುವವರ ತಲೆಯ ಮೇಲೆ ಕೊಡ ವಾಲಿದರೆ ಚೌಡಿಕೆ ಹಿಡಿದವರು ಹಿಡಿಕೆಯನ್ನು ಬಿಗಿದು ಲಯವನ್ನು ಒಂದು ಆವರ್ತ ಹೆಚ್ಚಿಗೆ ನಡೆಸಿ, ಕೊಡ ನೆಟ್ಟಗಾದ ಮೇಲೆ ಮುಂದಿನ ಸಾಲಿಗೆ ಹೋಗುತ್ತಾರೆ. ಪೆನ್‌ಡ್ರೈವಿನ ಹಾಡು ಕೊಡ ಬಿದ್ದರೂ ಮುಂದಕ್ಕೆ ಹೋಗುತ್ತಿರುತ್ತದೆ.